ಡಿಪ್ಲೊಮಾದಿಂದ ಇಂಜಿನಿಯರಿಂಗ್ ಪದವಿಗೆ ದಾಟುವ ಬಗೆ

ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದ ಕೆಲವೇ ದಿನಗಳಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಮನೆಮನೆಗಳಲ್ಲಿ ಒಂದೇ ಬಗೆಯ ವಿಚಾರವು ನಡೆಯುವದು. ಹುಡುಗಿಯನ್ನು ಪಿ.ಯು.ಸಿ. ವಿಜ್ಞಾನಕ್ಕೆ ಕಳುಹಬೇಕೋ, ಪಾಲಿಟೆಕ್ನಿಕ್ಕಿಗೆ ಕಳುಹಬೇಕೋ? ಅನುಕೂಲವುಳ್ಳ ಮನೆಗಳಲ್ಲಿ ಈ ಪ್ರಶ್ನೆಯು ಏಳುವದೇ ಇಲ್ಲ, ಮಗಳು ಪಿ.ಯು.ಸಿ.ಗೂ ಅದರೊಡನೆ ಧಾರವಾಡದ ಇಲ್ಲವೆ ವಿಜಯಪುರದ ಯಾವದಾದರೊಂದು ಶಿಕವಣಿಗೂ ಹೋಗುವಳು. ಮಗ್ಗದ ದುಡಿತದ ಮೇಲೆ ನಡೆಯುವ ಮನೆಯಲ್ಲಿ, ಕಬ್ಬಿನ ಬಿಲ್ಲು ಬರುವ ದಿನವನ್ನು ಎಣಿಸುವ ಮನೆಯಲ್ಲಿ, ಆಲಮಟ್ಟಿಯ ಹಿನ್ನೀರಿಗೆ ಹೊಲವನ್ನು ಕೊಟ್ಟು ಪುನರ್ವಸತಿ ಕೇಂದ್ರದಲ್ಲಿ ನೆಲೆಸಿದ ಮನೆಯಲ್ಲಿ ಮಾತ್ರ ಈ ಪ್ರಶ್ನೆಯು ಬಹು ದಿನ ಉಳಿಯುವದು. ಕೊನೆಗೆ ಅನೇಕರು ಪಾಲಿಟೆಕ್ನಿಕ್ಕನ್ನೇ ಆರಿಸುವರು. ಹತ್ತನೆಯ ತರಗತಿಯ ಅಂಕಗಳ ಮೇಲೆಯೇ ಪ್ರವೇಶ ದೊರೆಯುವದು. ಬೇರೆ ಪ್ರವೇಶ ಪರೀಕ್ಷೆಯಿಲ್ಲ. ಮೂರು ವರ್ಷಗಳಲ್ಲಿ ಕೈಗೆ ಒಂದು ಉದ್ಯೋಗ ಬರುವದೆಂಬ ಭರವಸೆಯೂ ಉಂಟು.

ಆದರೆ ಹೀಗೆ ಆರಿಸಿದ ಪಾಲಕರ ಮನಸ್ಸಿನಲ್ಲಿ ಒಂದು ಕೊರಗು ಉಳಿಯುವದನ್ನು ನಾವು ಕಂಡಿದ್ದೇವೆ. "ಡಿಪ್ಲೊಮಾಕ್ಕ ಹಚ್ಚಿದ್ರ ಮುಂದ ದೊಡ್ಡ ಕಾಲೇಜು ಆಗೂದಿಲ್ಲಲ್ರೀ ಅಕ್ಕೋರ, ಅಲ್ಲಿಗೇ ಮುಗೀತಲ್ರೀ?" ಎಂದು ಬನಹಟ್ಟಿಯ ತಾಯಿಯೊಬ್ಬರು ನಮ್ಮನ್ನು ಕೇಳಿದ್ದುಂಟು. ಮುಗಿಯುವದಿಲ್ಲ. ಡಿಪ್ಲೊಮಾ ಮುಗಿಸಿದವಳು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ರಾಜ್ಯದ ಅತಿ ಹೆಸರಾದ ಕಾಲೇಜುಗಳಿಗೂ ಸೇರಬಹುದು. ಇದಕ್ಕೆ ಲ್ಯಾಟರಲ್ ಎಂಟ್ರಿ ಎಂದು ಹೆಸರು. ಬಾಗಿಲು ಇರುವದು ನಿಜವಾದರೂ ಅದು ಕಿರಿದು, ಮತ್ತು ಅದರ ಮುಂದೆ ಬಂದು ನಿಂತಾಗ ಸಿದ್ಧತೆಯನ್ನು ಆರಂಭಿಸಿದವಳಿಗೆ ಅದು ಬಹುಶಃ ತೆರೆಯದು. ಸಿದ್ಧತೆಯು ಡಿಪ್ಲೊಮಾದ ಮೊದಲನೆಯ ಸೆಮಿಸ್ಟರಿನಲ್ಲಿಯೇ ಮೊದಲಾಗಬೇಕು. ಈ ಮಾತನ್ನು ಪಾಲಕರೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಬೇಗನೆ ತಿಳಿದಿರಲೆಂದೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ವರ್ಷಗಳ ಲೆಕ್ಕವನ್ನು ನೋಡೋಣ. ಪಿ.ಯು.ಸಿ. 2 ವರ್ಷ, ಪದವಿ 4 ವರ್ಷ, ಒಟ್ಟು 6. ಡಿಪ್ಲೊಮಾ 3 ವರ್ಷ, ಆ ಮೇಲೆ ಪದವಿಯ ಉಳಿದ 3 ವರ್ಷ, ಒಟ್ಟು 6. ಒಂದು ವರ್ಷವೂ ನಷ್ಟವಾಗುವದಿಲ್ಲ. ಮೇಲಾಗಿ, ಪಿ.ಯು.ಸಿ. ಮುಗಿಸಿ ಪದವಿಯನ್ನು ಅರ್ಧಕ್ಕೆ ಬಿಡಬೇಕಾಗಿ ಬಂದ ಹುಡುಗಿಯ ಕೈಯಲ್ಲಿ ಪಿ.ಯು.ಸಿ.ಯ ಪತ್ರವೊಂದೇ ಉಳಿಯುವದು. ಡಿಪ್ಲೊಮಾದಿಂದ ಹೋದವಳ ಕೈಯಲ್ಲಿ ಕಿರಿಯ ಇಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬಲ್ಲ ಅರ್ಹತೆಯು ಮೊದಲೇ ಬಂದಿರುವದು. ತಂದೆಗೆ ಕಾಯಿಲೆಯಾಯಿತು, ಮಳೆ ಕೈಕೊಟ್ಟಿತು, ನೂಲಿನ ಬೆಲೆ ಏರಿತು ಎಂದು ಓದು ನಿಲ್ಲುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಒಂದು ಕಾಲೇಜಿನಿಂದ ಇನ್ನೊಂದಕ್ಕೆ ದಾಟಿ ಮೇಲೇರುವದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಳ್ಳುತ್ತ 1881ರಲ್ಲಿ ಬಿ.ಎ. ಮುಗಿಸಿದರು, ಆ ಮೇಲೆ ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಕಲಿತರು. ಆಗ ನಮ್ಮ ಭಾಗದವರಿಗೂ ಈ ವಿದ್ಯೆಗೆ ಪುಣೆಯೇ ದಾರಿ. ಹುಬ್ಬಳ್ಳಿಯಲ್ಲಿ ಬಿ.ವಿ. ಭೂಮರಡ್ಡಿ ಕಾಲೇಜು ಹುಟ್ಟಿದ್ದು 1947ರಲ್ಲಿ, ಬಾಗಲಕೋಟೆಯಲ್ಲಿ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಹುಟ್ಟಿದ್ದು 1963ರಲ್ಲಿ. 1917ರಲ್ಲಿ ಬೆಂಗಳೂರಿನಲ್ಲಿ ಪದವಿಯ ಇಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದ ವಿಶ್ವೇಶ್ವರಯ್ಯನವರೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿಂದ ತಮಗೆ ಬರಬೇಕಾಗಿದ್ದ ಸಂಭಾವನೆಯನ್ನು ಕುಶಲ ಕೆಲಸ ಕಲಿಸುವ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟರು. 1943ರಲ್ಲಿ ಆರಂಭವಾದ ಆ ಸಂಸ್ಥೆಯೇ ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ಪದವಿ ಕಾಲೇಜಿಗೂ ಪಾಲಿಟೆಕ್ನಿಕ್ಕಿಗೂ ಒಬ್ಬರೇ ಮೂಲಪುರುಷರು. ಡಿಪ್ಲೊಮಾ ಎಂದರೆ ಕೀಳು ಓದು ಎಂದು ಮೂಗು ಮುರಿಯುವವರು ಇದನ್ನು ಸ್ವಲ್ಪ ಆಲೋಚಿಸಬೇಕು.

ದೂರದ ದೇಶದಲ್ಲಿಯೂ ಇಂಥ ಏರ್ಪಾಡು ಉಂಟು. ಅಮೇರಿಕಾದಲ್ಲಿ ಕಮ್ಯುನಿಟಿ ಕಾಲೇಜುಗಳೆಂಬ ಎರಡು ವರ್ಷದ ಕಾಲೇಜುಗಳು ಊರೂರಿಗೆ ಇವೆ; ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬಲ್ಲಿ 1901ರಲ್ಲಿ ಇವು ಮೊದಲಾದವು. ಕ್ಯಾಲಿಫೋರ್ನಿಯಾದಲ್ಲಿ 1960ರ ಯೋಜನೆಯ ಪ್ರಕಾರ ಇವು ಎಲ್ಲರಿಗೂ ತೆರೆದಿವೆ. ಇಲ್ಲಿ ಎರಡು ವರ್ಷ ಚೆನ್ನಾಗಿ ಓದಿದವರು ಬರ್ಕ್ಲಿಯಂಥ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ದಾಟುವರು. ಅಲ್ಲಿಯ ರೀತಿಗೂ ನಮ್ಮದಕ್ಕೂ ಮುಖ್ಯವಾದ ವ್ಯತ್ಯಾಸವೇನೆಂದರೆ, ಅಲ್ಲಿ ವಿದ್ಯಾರ್ಥಿಯು ಕಲಿತ ಒಂದೊಂದು ವಿಷಯವನ್ನೂ ತೂಗಿ ನೋಡುವರು. ನಮ್ಮಲ್ಲಿ ಬಹುಮಟ್ಟಿಗೆ ಒಂದು ಪರೀಕ್ಷೆಯ ಕ್ರಮಾಂಕವು ಮಾತಾಡುವದು. ಎರಡರಲ್ಲಿ ಯಾವದು ನ್ಯಾಯವೆಂಬ ಚರ್ಚೆಗೆ ಇದು ಸ್ಥಳವಲ್ಲ. ನಮ್ಮ ಹುಡುಗಿಯು ಬರೆಯಬೇಕಾದದ್ದು ನಮ್ಮ ಪರೀಕ್ಷೆಯನ್ನು.

ಆ ಪರೀಕ್ಷೆಗೆ ಡಿ.ಸಿ.ಇ.ಟಿ. ಎಂದು ಹೆಸರು, ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಇದನ್ನು ವರ್ಷಕ್ಕೊಮ್ಮೆ ನಡೆಸುವದು. ಡಿಪ್ಲೊಮಾದಲ್ಲಿ ಪ್ರತಿಶತ 45 ಅಂಕ ಪಡೆದವರು, ಮೀಸಲಾತಿಯ ವರ್ಗದವರಾದರೆ ಪ್ರತಿಶತ 40 ಪಡೆದವರು, ಸೀಟಿಗೆ ಅರ್ಹರು. ಈ ಅಂಕಿಗಳನ್ನು ಕಂಡು "ಇಷ್ಟೇ ಸಾಕಲ್ಲ" ಎಂದು ಹುಡುಗಿಯರು ಹಗುರವಾಗಿ ತೆಗೆದುಕೊಳ್ಳುವರು. ಅದು ಅಂಗಳಕ್ಕೆ ಬರುವ ಅರ್ಹತೆ ಮಾತ್ರ. ಮನೆಯೊಳಕ್ಕೆ ಕರೆಯುವದು ಕ್ರಮಾಂಕ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮದಂತೆ ಎರಡನೆಯ ವರ್ಷದ ಪ್ರವೇಶಕ್ಕೆ ಮಂಜೂರಾದ ಸ್ಥಾನಗಳ ಮೇಲೆ ಹತ್ತರಲ್ಲೊಂದು ಪಾಲು ಹೆಚ್ಚುವರಿಯಾಗಿ ಸಿಗುವದು. ಅಂದರೆ 60 ವಿದ್ಯಾರ್ಥಿಗಳ ಒಂದು ವರ್ಗಕ್ಕೆ 6. ಮೊದಲ ವರ್ಷದಲ್ಲಿ ಖಾಲಿ ಉಳಿದ ಸ್ಥಾನಗಳೂ ಇದಕ್ಕೆ ಕೂಡುವವು. ಇಲ್ಲಿಯೇ ಗುಟ್ಟು ಇದೆ. ಸಾಮಾನ್ಯ ಕಾಲೇಜಿನಲ್ಲಿ ಖಾಲಿ ಸ್ಥಾನಗಳು ಬಹಳವಾದ್ದರಿಂದ ಅಲ್ಲಿ ಪ್ರವೇಶ ಸುಲಭ. ಬೆಂಗಳೂರಿನ ಆರ್.ವಿ., ಬಿ.ಎಂ.ಎಸ್., ಯು.ವಿ.ಸಿ.ಇ.ಯಂಥ ಕಾಲೇಜುಗಳಲ್ಲಿ ಬೇಡಿಕೆಯ ಶಾಖೆಗಳು ಮೊದಲ ವರ್ಷವೇ ತುಂಬಿರುವದರಿಂದ ಆ ಬೆರಳೆಣಿಕೆಯ ಹೆಚ್ಚುವರಿ ಸ್ಥಾನಗಳಿಗೇ ರಾಜ್ಯದ ಎಲ್ಲ ಜಾಣರೂ ಕೈಚಾಚುವರು. ಖಾಸಗಿ ಕಾಲೇಜಿನಲ್ಲಿ ಅವೂ ಎಲ್ಲವೂ ಸರಕಾರದ ಪಾಲಿಗೆ ಬರುವದಿಲ್ಲ.

ಇನ್ನು ಗಣಿತದ ಮಾತು. ನಾವು ಬಹಳ ಹೇಳಬೇಕೆಂದಿರುವದು ಇದನ್ನೇ.

ಪಿ.ಯು.ಸಿ.ಯಿಂದ ಬಂದ ಹುಡುಗಿಯು ಎರಡು ವರ್ಷ ಗಣಿತವನ್ನೇ ಅರೆದು ಬಂದಿರುವಳು. ಪದವಿಯ ಮೊದಲ ವರ್ಷದಲ್ಲಿ ಆಂಶಿಕ ಅವಕಲನ, ಬಹುಸಮಾಕಲನ, ಅವಕಲ ಸಮೀಕರಣ ಇವುಗಳನ್ನೂ ಮುಗಿಸಿರುವಳು. ಡಿಪ್ಲೊಮಾದಿಂದ ಬಂದವಳು ಮಾತೃಕೆ, ತ್ರಿಕೋನಮಿತಿ, ಸರಳವಾದ ಅವಕಲನ ಸಮಾಕಲನಗಳನ್ನು ಮೊದಲ ವರ್ಷದಲ್ಲಿ ಕಲಿತು, ಆ ಮೇಲೆ ಎರಡು ವರ್ಷ ಯಂತ್ರಗಳ, ತಂತಿಗಳ, ಗಣಕದ ಭಾಷೆಗಳ ನಡುವೆ ಇದ್ದು ಗಣಿತವನ್ನು ಬಹುಮಟ್ಟಿಗೆ ಮರೆತಿರುವಳು. ಇಬ್ಬರೂ ಮೂರನೆಯ ಸೆಮಿಸ್ಟರಿನಲ್ಲಿ ಒಂದೇ ಬೆಂಚಿನ ಮೇಲೆ ಕೂಡ್ರುವರು. ಲಾಪ್ಲಾಸ್ ಪರಿವರ್ತನೆ, ಫೂರಿಯೆ ಶ್ರೇಣಿಗಳು ಇಬ್ಬರಿಗೂ ಒಂದೇ ದಿನ ಮೊದಲಾಗುವವು. ಈ ಕೊರತೆಯು ವಿಶ್ವವಿದ್ಯಾಲಯಕ್ಕೂ ಗೊತ್ತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಇಂಥ ವಿದ್ಯಾರ್ಥಿಗಳಿಗಾಗಿಯೇ ಹೆಚ್ಚುವರಿ ಗಣಿತವೆಂಬ ವಿಷಯವನ್ನು ಅನೇಕ ವರ್ಷ ಪಠ್ಯಕ್ರಮದಲ್ಲಿ ಇರಿಸಿತ್ತು. ಒಳ್ಳೆಯ ಕಾಲೇಜು ಸಿಕ್ಕಿತೆಂದು ಹಿಗ್ಗಿ ಹೋದ ಜಾಣೆಯರು ಮೊದಲ ಪರೀಕ್ಷೆಯಲ್ಲಿಯೇ ಎಡವಿ, ತಮಗೆ ಬುದ್ಧಿಯೇ ಇಲ್ಲವೆಂದು ತಿಳಿದು ಅಳುವದು ಈ ಕಾರಣಕ್ಕೆ. ಬುದ್ಧಿಯ ಕೊರತೆ ಅಲ್ಲಿ ಏನೂ ಇರುವದಿಲ್ಲ. ನಡುವೆ ಒಂದು ಮೆಟ್ಟಿಲು ಕಟ್ಟಿಲ್ಲ, ಅಷ್ಟೆ.

ಆ ಮೆಟ್ಟಿಲನ್ನು ತಾನೇ ಕಟ್ಟಿಕೊಳ್ಳಬಹುದು. ಪಿ.ಯು.ಸಿ. ವಿಜ್ಞಾನದ ಎರಡೂ ವರ್ಷಗಳ ಗಣಿತ ಪುಸ್ತಕಗಳನ್ನು ಡಿಪ್ಲೊಮಾ ಸೇರಿದ ದಿನವೇ ಮನೆಯಲ್ಲಿ ತಂದಿಡಬೇಕು. ಹಳೆಯ ಪುಸ್ತಕಗಳಾದರೂ ಸಾಕು. ಡಿಪ್ಲೊಮಾದ ಮೊದಲ ಎರಡು ವರ್ಷಗಳಲ್ಲಿ ಅವುಗಳನ್ನು ಸಾವಕಾಶವಾಗಿ ಮುಗಿಸಬೇಕು. ದಿನಕ್ಕೆ ಮೂರು ಲೆಕ್ಕ, ಆದರೆ ಭಾನುವಾರವೂ ಬಿಡದೆ. ಮೂರನೆಯ ವರ್ಷದಲ್ಲಿ ಪದವಿಯ ಮೊದಲ ವರ್ಷದ ಗಣಿತ ಪುಸ್ತಕಕ್ಕೆ ಕೈಹಾಕಬೇಕು. ಹಾಸು ಸರಿಯಾಗಿ ಹೂಡದ ಮಗ್ಗದಲ್ಲಿ ಎಷ್ಟು ಲಾಳಿ ಎಸೆದರೂ ಬಟ್ಟೆಯು ನೆಟ್ಟಗೆ ಬಾರದೆಂಬುದು ರಬಕವಿಯ ಮಕ್ಕಳಿಗೆ ನಾವು ಹೇಳಿಕೊಡಬೇಕಾದದ್ದಲ್ಲ.

ಡಿ.ಸಿ.ಇ.ಟಿ. ಪ್ರಶ್ನೆಪತ್ರಿಕೆಯು ಈಚಿನ ಪದ್ಧತಿಯಲ್ಲಿ 100 ಅಂಕಗಳದ್ದು. ಗಣಿತ, ಸಂಖ್ಯಾಶಾಸ್ತ್ರ, ಗಣಕ ಕೌಶಲ, ವಿದ್ಯುತ್ ಮತ್ತು ಇಲೆಕ್ಟ್ರಾನಿಕ್ಸಿನ ಮೂಲಪಾಠ, ಯೋಜನಾ ನಿರ್ವಹಣೆ ಎಂಬ ವಿಷಯಗಳಿಂದ ಪ್ರಶ್ನೆಗಳು ಬರುವವು. ಇವುಗಳಲ್ಲಿ ಹಲವನ್ನು ಹುಡುಗಿಯು ಡಿಪ್ಲೊಮಾದ ಮೊದಲ ವರ್ಷಗಳಲ್ಲಿಯೇ ಕಲಿತು ಪುಸ್ತಕವನ್ನು ತಂಗಿಗೋ ಗೆಳತಿಗೋ ಕೊಟ್ಟುಬಿಟ್ಟಿರುವಳು! ಕೊಡಬಾರದು. ಮೊದಲ ಸೆಮಿಸ್ಟರಿನ ಟಿಪ್ಪಣಿಗಳನ್ನು ಆರನೆಯ ಸೆಮಿಸ್ಟರಿನವರೆಗೆ ಜೋಪಾನವಾಗಿಡಬೇಕು.

ಪರೀಕ್ಷೆಯಾಗಿ ಕ್ರಮಾಂಕ ಬಂದ ಮೇಲೆ ಕಾಲೇಜುಗಳ ಹೆಸರನ್ನು ತನ್ನ ಇಚ್ಛೆಯ ಅನುಕ್ರಮದಲ್ಲಿ ಪ್ರಾಧಿಕಾರಕ್ಕೆ ಬರೆದುಕೊಡಬೇಕು. ಈ ಪಟ್ಟಿಯನ್ನು ಬರೆಯುವಾಗ ಆಗುವ ತಪ್ಪುಗಳು ಬಹಳ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮುಧೋಳದ ಹುಡುಗಿಗೆ ಮನಸ್ಸಿನಲ್ಲಿ ಮೊದಲನೆಯದು ಯು.ವಿ.ಸಿ.ಇ., ಎರಡನೆಯದು ಧಾರವಾಡದ ಎಸ್.ಡಿ.ಎಂ. ಕಾಲೇಜು, ಮೂರನೆಯದು ಬಾಗಲಕೋಟೆಯ ಬಸವೇಶ್ವರ ಕಾಲೇಜು. "ನನ್ನ ಕ್ರಮಾಂಕಕ್ಕೆ ಬೆಂಗಳೂರು ಎಲ್ಲಿ ಸಿಕ್ಕೀತು, ಅದನ್ನು ಮೊದಲು ಬರೆದರೆ ಬಾಗಲಕೋಟೆಯೂ ತಪ್ಪೀತು" ಎಂದು ಅಂಜಿ ಅವಳು ಬಾಗಲಕೋಟೆಯನ್ನು ಮೊದಲು ಬರೆಯುವಳು. ಇದು ಪೂರಾ ತಪ್ಪು ತಿಳುವಳಿಕೆ. ಹಂಚಿಕೆಯು ನಡೆಯುವದು ಹೀಗೆ: ಕ್ರಮಾಂಕದಂತೆ ಅವಳ ಸರದಿ ಬಂದಾಗ ಪಟ್ಟಿಯ ಮೊದಲನೆಯ ಹೆಸರಿನಲ್ಲಿ ಸ್ಥಾನವಿದೆಯೋ ಎಂದು ನೋಡುವರು, ಇಲ್ಲದಿದ್ದರೆ ಎರಡನೆಯದನ್ನು, ಅದೂ ಇಲ್ಲದಿದ್ದರೆ ಮೂರನೆಯದನ್ನು. ಮೊದಲನೆಯದು ಸಿಗಲಿಲ್ಲವೆಂದು ಮೂರನೆಯದರ ಹಕ್ಕು ಕಡಿಮೆಯಾಗುವದಿಲ್ಲ. ಆದರೆ ಬಾಗಲಕೋಟೆಯನ್ನೇ ಮೊದಲು ಬರೆದು ಅದು ಸಿಕ್ಕರೆ, ಬೆಂಗಳೂರಿನಲ್ಲಿ ಅವಳಿಗಾಗಿ ಸ್ಥಾನವಿದ್ದರೂ ಯಾರೂ ಅದನ್ನು ಹುಡುಕುವದಿಲ್ಲ. ನಿಜವಾದ ಆಸೆಯ ಅನುಕ್ರಮದಲ್ಲಿಯೇ ಬರೆಯಬೇಕು. ಹೋಗಲು ಮನಸ್ಸಿಲ್ಲದ ಕಾಲೇಜನ್ನು ಬರೆಯಲೇಬಾರದು. ಪಟ್ಟಿಯನ್ನು ಪೇಟೆಯ ಗಣಕದಂಗಡಿಯವನ ಕೈಗೆ ಒಪ್ಪಿಸದೆ ಹುಡುಗಿಯು ತಂದೆತಾಯಿಗಳೊಡನೆ ಕುಳಿತು ಮೊದಲು ಕಾಗದದ ಮೇಲೆ ಬರೆದು, ಎರಡು ದಿನ ಬಿಟ್ಟು ಮತ್ತೊಮ್ಮೆ ನೋಡಿ, ಆ ಮೇಲೆ ಕೊಡುವದು ಲೇಸು.

ಹಕ್ಕುಗಳ ವಿಷಯದಲ್ಲಿಯೂ ನಮ್ಮ ಭಾಗದಲ್ಲಿ ಗೊಂದಲವಿದೆ. ಸಂವಿಧಾನದ 371-ಜೆ ವಿಧಿಯ ಮೀಸಲಾತಿಯು ಉತ್ತರ ಕರ್ನಾಟಕಕ್ಕೆಲ್ಲ ಸಲ್ಲುವದೆಂದು ಅನೇಕರು ನಂಬಿದ್ದಾರೆ. ಸಲ್ಲುವದಿಲ್ಲ. ಅದು ಬೀದರ, ಕಲಬುರ್ಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳದ್ದು; ನಮ್ಮ ಬಾಗಲಕೋಟೆ ಜಿಲ್ಲೆಯು ಅದರಲ್ಲಿಲ್ಲ. ನಮ್ಮ ಹುಡುಗಿಯರಿಗೆ ಒದಗಬಹುದಾದವು, ಜಾತಿಯ ವರ್ಗವನ್ನು ಬಿಟ್ಟರೆ, ಎರಡು: ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮ. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ಣ ಹತ್ತು ವರ್ಷದ ಓದು ಬೇಕು. ಇಲ್ಲಿ ಒಂದು ಕಹಿಯಾದ ಮಾತನ್ನು ಹೇಳಲೇಬೇಕು. ಏಳನೆಯ ತರಗತಿಯವರೆಗೆ ಹಳ್ಳಿಯಲ್ಲಿ ಕಲಿತು ಪ್ರೌಢಶಾಲೆಗೆಂದು ಪಟ್ಟಣಕ್ಕೆ ಬಂದ ಹುಡುಗಿಗೆ ಗ್ರಾಮೀಣ ಹಕ್ಕು ದೊರೆಯುವದಿಲ್ಲ, ಅವಳು ದಿನಾಲು ಹಳ್ಳಿಯಿಂದಲೇ ಬಸ್ಸಿನಲ್ಲಿ ಬಂದುಹೋಗಿದ್ದರೂ ಸಹ. ಕನ್ನಡ ಮಾಧ್ಯಮದ ಹಕ್ಕು ಮಾತ್ರ ಉಳಿಯುವದು, ಹತ್ತೂ ವರ್ಷ ಕನ್ನಡದಲ್ಲಿಯೇ ಓದಿದ್ದರೆ.

ಹಣದ ಚಿಂತೆಗೆ ಒಂದು ಪರಿಹಾರವನ್ನು ಬಹಳ ಮನೆಗಳವರು ಅರಿಯರು. ತಾಂತ್ರಿಕ ಶಿಕ್ಷಣ ಪರಿಷತ್ತಿನ ಪ್ರಗತಿ ಎಂಬ ವಿದ್ಯಾರ್ಥಿವೇತನವು ಹೆಣ್ಣುಮಕ್ಕಳಿಗಾಗಿಯೇ ಇರುವದು. ವರ್ಷಕ್ಕೆ 50,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯವು 8 ಲಕ್ಷವನ್ನು ಮೀರಬಾರದು. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳ ವರೆಗೆ ದೊರೆಯುವದು. ಡಿಪ್ಲೊಮಾದ ಮೊದಲ ವರ್ಷದವಳೂ ಅರ್ಜಿ ಹಾಕಬಹುದು. ಲ್ಯಾಟರಲ್ ಎಂಟ್ರಿಯಿಂದ ಪದವಿಯ ಎರಡನೆಯ ವರ್ಷಕ್ಕೆ ಸೇರಿದವಳೂ ಹಾಕಬಹುದು. ಎಲ್ಲರಿಗೂ ಸಿಗುವದೆಂದಿಲ್ಲ, ಅಂಕಗಳ ಮೇಲೆ ಆರಿಸುವರು. ಆದರೆ ಅರ್ಜಿಯನ್ನೇ ಹಾಕದವಳಿಗೆ ಸಿಗುವದು ಹೇಗೆ? ಇದಲ್ಲದೆ ಬಿ.ಎಂ.ಎಸ್., ಬಸವೇಶ್ವರದಂಥ ಕಾಲೇಜುಗಳಲ್ಲಿ ಕೆಲವು ಶಾಖೆಗಳು ಸರಕಾರದ ಅನುದಾನ ಪಡೆದವು. ಅವುಗಳ ಶುಲ್ಕವು ಅದೇ ಕಾಲೇಜಿನ ಅನುದಾನರಹಿತ ಶಾಖೆಗಳಿಗಿಂತ ಬಹಳ ಕಡಿಮೆ. ಪಟ್ಟಿ ಬರೆಯುವಾಗ ಇದನ್ನು ನೋಡಿಕೊಳ್ಳಬೇಕು.

ಹುಡುಗಿಯನ್ನು ಐನೂರು ಕಿಲೋಮೀಟರಿಗೂ ಮೀರಿದ ಬೆಂಗಳೂರಿಗೆ ಕಳುಹಬೇಕೇ? ಡಿಪ್ಲೊಮಾ ಮುಗಿಯುವಾಗ ಅವಳಿಗೆ ಹದಿನೆಂಟೋ ಹತ್ತೊಂಬತ್ತೋ. ಅದೇ ಹೊತ್ತಿಗೆ ಮನೆಯಲ್ಲಿ ವರನ ಮಾತೂ ಮೊದಲಾಗಿರುವದು. ಅದೇ ಹೊತ್ತಿಗೆ ಪಾಲಿಟೆಕ್ನಿಕ್ಕಿಗೆ ಕಂಪನಿಯವರು ಬಂದು ನೌಕರಿಯ ಪತ್ರವನ್ನೂ ಕೊಟ್ಟಿರಬಹುದು. ಮೂರೂ ಒಮ್ಮೆಲೆ ಬಂದಾಗ ಸೋಲುವದು ಸಾಮಾನ್ಯವಾಗಿ ಓದೇ. ಆದ್ದರಿಂದ ಈ ಮಾತನ್ನು ಐದನೆಯ ಸೆಮಿಸ್ಟರಿಗೆ ಮೊದಲೇ ಮನೆಯಲ್ಲಿ ಮುಗಿಸಿಟ್ಟುಕೊಳ್ಳಬೇಕೆಂದು ನಾವು ಪಾಲಕರನ್ನು ಕೇಳಿಕೊಳ್ಳುವೆವು. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಮೇಲ್ದರ್ಜೆಯ ಕಾಲೇಜು ನಿಜವಾಗಿ ಸಿಕ್ಕರೆ ಕಳುಹಬೇಕು. ಆ ಕಾಲೇಜಿನ ಪ್ರಯೋಗಶಾಲೆ, ಸಹಪಾಠಿಗಳು, ಅಲ್ಲಿಗೆ ಬರುವ ಉದ್ಯೋಗದಾತರು ನಮ್ಮೂರಲ್ಲಿ ದೊರೆಯುವವಲ್ಲ. ಆದರೆ ಬೆಂಗಳೂರೆಂಬ ಹೆಸರಿಗೆ ಮರುಳಾಗಿ ಅಲ್ಲಿಯ ಯಾವದೋ ಹೆಸರಿಲ್ಲದ ಕಾಲೇಜಿಗೆ ಸಾಲ ಮಾಡಿ ಕಳುಹುವದಕ್ಕಿಂತ ಬಾಗಲಕೋಟೆಯ ಕಾಲೇಜು ಎಷ್ಟೋ ಮೇಲು. ಮುಧೋಳದಲ್ಲಿಯೇ ಬೀಳೂರು ಗುರುಬಸವ ಮಹಾಸ್ವಾಮಿಗಳ ಹೆಸರಿನ ಇಂಜಿನಿಯರಿಂಗ್ ಕಾಲೇಜು ಉಂಟು. ಸ್ಥಾನಗಳ ಹಂಚಿಕೆ ಮುಗಿಯುವಷ್ಟರಲ್ಲಿ ತರಗತಿಗಳು ಆರಂಭವಾಗಿ ವಾರಗಳೇ ಕಳೆದಿರುವದೂ ಉಂಟು. ಒಂದು ವರ್ಷ ಮುಂಚೆಯೇ ಗೆಳೆತನ ಬೆಳೆದ ತರಗತಿಯೊಳಕ್ಕೆ ನಮ್ಮ ಹುಡುಗಿಯು ಒಬ್ಬಳೇ ಕಾಲಿಡುವಳು. ಮೊದಲ ಎರಡು ತಿಂಗಳು ಫೋನಿನಲ್ಲಿ ಅವಳ ದನಿಯು ಸಣ್ಣದಾಗಿದ್ದರೆ "ಬಂದುಬಿಡವ್ವಾ" ಎನ್ನದಿರಿ. ಪ್ರಯೋಗಶಾಲೆಯ ತಾಸು ಬಂದಾಗ ಇದು ತಿರುಗುವದು. ಮೂರು ವರ್ಷ ಉಪಕರಣಗಳನ್ನು ಕೈಯಲ್ಲಿ ಹಿಡಿದವಳ ಹತ್ತಿರ ಉಳಿದವರು ತಾವಾಗಿ ಕೇಳಲು ಬರುವರು.

ಬಿ.ಎಸ್ಸಿ. ಓದುವ ಹಳೆಯ ವಿದ್ಯಾರ್ಥಿನಿಯರು ನಮಗೇನೂ ಇಲ್ಲವೇ ಎಂದು ಕೇಳಬಹುದು. ಐ.ಐ.ಟಿ.ಗಳ ಬಿ.ಟೆಕ್. ತರಗತಿಗೆ ನಡುವೆ ದಾಟುವ ದಾರಿಯಿಲ್ಲ. ಆದರೆ ಬಿ.ಎಸ್ಸಿ. ಮುಗಿಸುವವರಿಗೆ ಜೆ.ಎ.ಎಂ. ಎಂಬ ಪರೀಕ್ಷೆಯು 2004ರಿಂದ ನಡೆಯುತ್ತಿದೆ. ಗಣಿತ, ಭೌತ, ರಸಾಯನ ಮೊದಲಾದ ಏಳು ವಿಷಯಗಳಲ್ಲಿ ಬರೆದು ಐ.ಐ.ಟಿ.ಗಳ ಎಂ.ಎಸ್ಸಿ.ಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಯುಕ್ತ ಪಿಎಚ್.ಡಿ.ಗೂ ಹೋಗಬಹುದು. ಜಮಖಂಡಿಯ ಕಾಲೇಜಿನಲ್ಲಿ ಕಲಿತವಳಿಗೂ ದಿಲ್ಲಿಯಲ್ಲಿ ಕಲಿತವಳಿಗೂ ಪ್ರಶ್ನೆಪತ್ರಿಕೆ ಒಂದೇ. ಗಣಿತ ಕಲಿತು ಇಂಜಿನಿಯರಿಂಗಿಗೆ ದಾಟಿದವರೂ ನಮ್ಮ ನಾಡಿನಲ್ಲಿದ್ದರು: ರಾಜೇಶ್ವರಿ ಚಟರ್ಜಿಯವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗಕ್ಕೆ ಸೇರಿ, 1947ರಲ್ಲಿ ಸರಕಾರದ ವೇತನದಿಂದ ಅಮೇರಿಕಾದ ಮಿಶಿಗನ್ನಿಗೆ ಹೋದರು. 1953ರಲ್ಲಿ ಡಾಕ್ಟರೇಟ್ ಪಡೆದು ಬಂದು ಅದೇ ಸಂಸ್ಥೆಯಲ್ಲಿ ಇಂಜಿನಿಯರಿಂಗ್ ಅಧ್ಯಾಪಿಕೆಯಾದರು.

ಕೊನೆಗೆ ಕಾಗದಪತ್ರಗಳು. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ತಹಶೀಲ್ದಾರರ ಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಂಡು, ಅವುಗಳ ಮೇಲಿನ ಆರ್.ಡಿ. ಸಂಖ್ಯೆಯನ್ನು ಸರಿಯಾಗಿ ನೋಡಿಕೊಳ್ಳಬೇಕು. ಆ ವರ್ಷದ ಮಾಹಿತಿ ಪುಸ್ತಕವನ್ನು ಪ್ರಾಧಿಕಾರವು ಪ್ರಕಟಿಸಿದ ಕೂಡಲೆ ಮೊದಲಿನಿಂದ ಕೊನೆಯವರೆಗೆ ಓದಬೇಕು. ವ್ಯಾಸಂಗ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರವನ್ನು ಓದಿದ ಪ್ರತಿಯೊಂದು ಸಾಲೆಯಿಂದಲೂ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಹಾಕಿಸಬೇಕಾಗುವದು. ಇದಕ್ಕೆ ಒಂದು ವಾರವಾದರೂ ಹಿಡಿಯುವದು. ನಮ್ಮ ಸಾಲೆಯ ದಾಖಲೆಗಳು ಕ್ರಮವಾಗಿವೆ. ಬೇಸಗೆಯ ರಜೆಯಲ್ಲಿಯೂ ಕಚೇರಿಯು ಮುಂಜಾನೆ ತೆರೆದಿರುವದು. ತಂದೆಯವರೇ ಬರಬೇಕೆಂದಿಲ್ಲ, ಹುಡುಗಿಯು ತನ್ನ ಹತ್ತನೆಯ ತರಗತಿಯ ಅಂಕಪಟ್ಟಿಯ ಪ್ರತಿಯೊಂದನ್ನು ಹಿಡಿದುಕೊಂಡು ತಾನೇ ಬಂದರೂ ಬರೆದುಕೊಡುವೆವು.